ಕಣ್ಣು ಕಾಣುವ ಫೋಟೋ

ಮುರುಗೇಶನ ಮನೆಯ ಹಿಂದೆ ಬಾಳೆತೋಟ. ಗಾಳಿ ಬೀಸಿದಾಗಲೆಲ್ಲ ಒಣಗಿ ಜೋತುಬಿದ್ದ ಎಲೆಗಳು ಒಂದಕ್ಕೊಂದು ಉಜ್ಜಿ ಪರಪರ ಸದ್ದು ಮಾಡುತ್ತವೆ. ಒಳಗೆ ಕೂತವರಿಗೆ ಅಂಗಳಕ್ಕೆ ಯಾರೋ ಬಂದಂತೆ ಅನ್ನಿಸುತ್ತದೆ. ಆ ದಿನ ನಿಜವಾಗಿಯೂ ಬಂದಿದ್ದರು. ಮೆಟ್ರಿ ಊರಿನ ಉಚ್ಚೆಂಗಮ್ಮ ಹೊಸ್ತಿಲಾಚೆಯೇ ನಿಂತಿದ್ದಳು.

ಕಡ್ಡಿರಾಂಪುರದ ಮುರುಗೇಶ ಮದುವೆ ಫೋಟೋಗ್ರಾಫರ್. ವರ ಮತ್ತವನ ಗೆಳೆಯರ ಕ್ಯಾಂಡಿಡ್ ಫೋಟೋ ಬೇಕೆಂದರೆ ಹೊಸಪೇಟೆಯಿಂದ ಕಂಪ್ಲಿಯವರೆಗೆ ಅವನನ್ನೇ ಕರೆಯುತ್ತಾರೆ. ಹುಡುಗರು ಕ್ಯಾಮೆರಾ ಕಂಡರೆ ಸೆಟೆದು ನಿಲ್ಲುತ್ತಾರೆ. ಅದಕ್ಕೆ ಅವನದೊಂದು ಉಪಾಯವಿತ್ತು. ಬ್ಯಾಗಿನಿಂದ ಕಪ್ಪು ಕೂಲಿಂಗ್ ಗ್ಲಾಸ್ ತೆಗೆದು ಎಲ್ಲರಿಗೂ ಹಂಚುವುದು. ಕಣ್ಣು ಮರೆಯಾದೊಡನೆ ನಾಚಿಕೆ ಬಿಡುತ್ತದೆ. ಒಬ್ಬರನ್ನೊಬ್ಬರು ತಳ್ಳುತ್ತಾರೆ, ವರನ ಪೇಟ ಕಸಿಯುತ್ತಾರೆ, ಹೊಟ್ಟೆ ಹಿಡಿದು ನಗುತ್ತಾರೆ. ಅವನು ಪಕ್ಕಕ್ಕೆ ಸರಿದು ತೆಗೆಯುತ್ತಾ ಹೋಗುತ್ತಾನೆ.

ಬೇಸಿಗೆಯಲ್ಲಿ ನಡೆದ ಹೊನ್ನೂರುಸ್ವಾಮಿಯ ಮದುವೆಯಲ್ಲೂ ಹಾಗೆಯೇ ಆಗಿತ್ತು. ಅಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವನು ವರನ ಗೆಳೆಯ ಯಲ್ಲೇಶ, ಉಚ್ಚೆಂಗಮ್ಮನ ಮಗ. ಕುರೆಕುಪ್ಪದಲ್ಲಿ ರೂಮು ಮಾಡಿಕೊಂಡು ಕೆಲಸಕ್ಕಿದ್ದ ಅವನು ಮಳೆಗಾಲದಲ್ಲಿ ಊರಿಗೆ ಬರುವಾಗ ಬೈಕ್ ಜಾರಿ ತೀರಿಕೊಂಡ. ಮೊಬೈಲೂ ಪುಡಿಯಾಯಿತು.

"ಗ್ವಾಡಿಗೆ ಹಾಕಾಕ ಒಂದು ಫೋಟೋ ಬೇಕಪ್ಪ" ಎಂದಳು ಉಚ್ಚೆಂಗಮ್ಮ. "ಆಧಾರ್ ಕಾರ್ಡಿನ್ಯಾಗ ನನ್ ಮಗ ನನಗ ಗುರ್ತು ಸಿಗವಲ್ಲ."

ಮುರುಗೇಶ ಅವಳನ್ನು ಕೂರಿಸಿ ಕಂಪ್ಯೂಟರ್ ತೆರೆದ. ಒಂದಾದಮೇಲೊಂದು ಫೋಟೋ ಬಂದವು. ಎಲ್ಲದರಲ್ಲೂ ಯಲ್ಲೇಶ ನಗುತ್ತಿದ್ದ, ಎಲ್ಲದರಲ್ಲೂ ಆ ಕಪ್ಪು ಕನ್ನಡಕ.

"ಕಣ್ಣು ಕಾಣವಲ್ಲವಲ್ಲೋ ಯಪ್ಪಾ."

ಅವನು ಮತ್ತೆ ಹುಡುಕಿದ. ಬೆವರು ಒರೆಸಲು ಯಲ್ಲೇಶ ಆಗಾಗ ಕನ್ನಡಕ ತೆಗೆದಿರಬೇಕು. ಆದರೆ ಅಂಥ ಅಲುಗಿದ, ಮಸುಕಾದ ಫೋಟೋಗಳನ್ನು ಮುರುಗೇಶ ಅಂದೇ ಅಳಿಸಿಹಾಕಿದ್ದ.

"ಅವ್ವಾ, ಇದರಾಗ ಕಣ್ಣು ಕೂಡಿಸಬಹುದು. ಗೊತ್ತೇ ಆಗಂಗಿಲ್ಲ ನೋಡು" ಎಂದು ಕೂಡಿಸಿ ತೋರಿಸಿದ. ಕನ್ನಡಕ ಹೋಗಿ ಹೊಳೆಯುವ ಎರಡು ಕಣ್ಣು ಬಂದವು. ಅವಳು ಬಹಳ ಹೊತ್ತು ನೋಡಿದಳು.

"ಭಾಳ ಚೆಂದ ಅದಾವು. ಯಾರವು?"

ಅವನು ಮೌಸಿನಿಂದ ಕೈ ತೆಗೆದ.

"ಬ್ಯಾಡಪ್ಪ. ದಿನಾ ದೀಪ ಹಚ್ಚಿ ಯಾರನ್ನೋ ನೋಡ್ಕಂತ ಕುಂದ್ರಲೇನು? ಕನ್ನಡಕದ್ದೇ ಕೊಡು. ಒಳಗಾದ್ರೂ ಅವನವೇ ಇರ್ತಾವಲ್ಲ."

ಮುಂದಿನ ಮದುವೆ ಸಂಡೂರಿನಲ್ಲಿ. ವರನ ಗೆಳೆಯರು ಬಂದವರೇ ಕೈ ಚಾಚಿದರು.

"ಅಣ್ಣಾ, ಗ್ಲಾಸ್ ಎಲ್ಲಿ?"

"ಕೊಡ್ತೀನ್ರಪ್ಪ. ಮೊದ್ಲು ಒಂದ್ಸಲ ಬರೇ ಮಾರಿಲೆ ನಿಂದ್ರಿ."

"ಯಾಕಣ್ಣ, ರೇಷನ್ ಕಾರ್ಡಿಗೇನು?"

"ನಿಂದ್ರಲೇ ಜಲ್ದಿ, ಅಕ್ಕಿ ಕೊಡ್ತಾನ" ಎಂದು ವರನೇ ನಕ್ಕ.

ಬಿಸಿಲಿಗೆ ಕಿರಿದಾದ ಕಣ್ಣುಗಳನ್ನು ಒಬ್ಬೊಬ್ಬರದಾಗಿ ಸೆರೆಹಿಡಿದು ಮುರುಗೇಶ ಕ್ಯಾಮೆರಾ ಇಳಿಸಿದ.

"ಖರೇನ ಹೇಳಣ್ಣ, ಯಾಕ ಇವು?" ವರ ಬಿಡಲಿಲ್ಲ. ಅವನ ಕೆನ್ನೆಯ ಮೇಲೆ ಅರಿಶಿಣ ಇನ್ನೂ ಹಸಿಯಾಗಿತ್ತು.

"ಏನಿಲ್ಲಪ್ಪ, ನಾಳೆ ನಿಮ್ಮವ್ವಗೋಳು..." ಎಂದ ಮುರುಗೇಶ, ಕನ್ನಡಕಗಳ ಬ್ಯಾಗನ್ನು ವರನ ಕೈಗಿಟ್ಟು, ಹಂದರದ ಕಡೆ ನಡೆದುಬಿಟ್ಟ.