ಪ್ರೂಫಿನ ಹಿಂಬದಿ

1965ನೇ ಇಸವಿಯಲ್ಲಿ ನಾನು ಪುತ್ತೂರಿನ ಒಂದು ಕಾಲೇಜಿನ ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದೆ. ಕಂಪೋಸಿಟರ್ ಅಂದರೆ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವವನು. ಓದಿದ್ದು ಐದನೇ ಕ್ಲಾಸು. ಅಂಥವನು ಬರೆಯುವುದಕ್ಕೆ ಕೂತದ್ದಕ್ಕೆ ಕಾರಣ ಉಂಟು. ನನ್ನ ಮೊಮ್ಮಗಳು ಧನ್ಯ ಸುಳ್ಯದಲ್ಲಿ ಓದುತ್ತಿದ್ದಾಳೆ. ಅವಳು ಬರೆದ ಕಥೆ ಈ ವರ್ಷ ಅವಳ ಕಾಲೇಜಿನ ಮ್ಯಾಗಜೀನಿನಲ್ಲಿ ಬರುತ್ತದೆ. ಸುದ್ದಿ ಕೇಳಿದ ದಿನದಿಂದ ನಾನು ಹಾಲಿನವನಿಗೂ ಹೇಳಿದ್ದೇನೆ, ಬ್ಯಾಂಕಿನಲ್ಲಿ ಸರತಿಯಲ್ಲಿ ನಿಂತವರಿಗೂ ಹೇಳಿದ್ದೇನೆ. ಸಾಲದು ಅನ್ನಿಸಿತು. ಕಾಲೇಜಿನ ಮಕ್ಕಳ ಕಥೆ ಅಚ್ಚಾಗುವುದೆಂದರೆ ನನಗೆ ನೆನಪಾಗುವುದು ಒಂದೇ ಕಥೆ, ನಾನು ಎರಡು ಸಲ ಕಟ್ಟಿದ ಕಥೆ. ಅದನ್ನು ಹೇಳಿಬಿಡುತ್ತೇನೆ.

ನಮ್ಮ ಪ್ರೆಸ್ಸು ಕಾಲೇಜಿನ ಆಫೀಸಿನ ಹಿಂದೆ ಒಂದು ಉದ್ದನೆಯ ಕೋಣೆ. ಕಾಲಿನಲ್ಲಿ ತುಳಿಯುವ ಒಂದು ಟ್ರೆಡಲ್ ಮೆಷಿನ್, ಒಂದು ಕಟಿಂಗ್ ಮೆಷಿನ್, ಗೋಡೆಗೆ ಒರಗಿಸಿದ ಮೊಳೆಯ ಕೇಸುಗಳು. ಕೇಸು ಅಂದರೆ ಸಣ್ಣ ಸಣ್ಣ ಮನೆಗಳಿರುವ ಮರದ ತಟ್ಟೆ, ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ. ಕೆಲಸ ನನ್ನದು ಮತ್ತು ಅಬ್ಬಾಸ್ ಬ್ಯಾರಿಯವರದು. ನಾನು ಕಟ್ಟುವುದು, ಅವರು ತುಳಿಯುವುದು. ಅವರಿಗೆ ನನಗಿಂತ ಹತ್ತು ವರ್ಷ ಹೆಚ್ಚು, ಮಾತು ಇಪ್ಪತ್ತು ಪಾಲು ಹೆಚ್ಚು.

ಅಚ್ಚು ಹಾಕುತ್ತಿದ್ದದ್ದು ಫೀಸಿನ ರಶೀದಿ, ನೋಟೀಸು, ಪರೀಕ್ಷೆಯ ಪ್ರಶ್ನೆಪತ್ರಿಕೆ. ದೊಡ್ಡ ಪರೀಕ್ಷೆಯ ಪತ್ರಿಕೆಗಳು ಯೂನಿವರ್ಸಿಟಿಯಿಂದ ಬರುತ್ತಿದ್ದವು. ಅದಕ್ಕೆ ಮುಂಚಿನ ಪ್ರಿಪರೇಟರಿ ಪರೀಕ್ಷೆಯದ್ದು ನಮ್ಮಲ್ಲೇ. ಆ ಹದಿನೈದು ದಿನ ವಿದ್ಯಾರ್ಥಿಗಳು ಯಾರೂ ಪ್ರೆಸ್ಸಿನ ಹೊಸ್ತಿಲು ದಾಟುವಂತಿಲ್ಲ. ಅಚ್ಚಿನಲ್ಲಿ ಕೆಟ್ಟ ಹಾಳೆಗಳನ್ನು ಎಣಿಸಿ, ಸುಟ್ಟು, ಎಷ್ಟು ಸುಟ್ಟೆವೆಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಸಹಿ ನನ್ನದು.

ವಿದ್ಯಾರ್ಥಿಗಳು ಅಲ್ಲಿಯವರೆಗೆ ಕೈಬರಹದ ಪತ್ರಿಕೆ ತರುತ್ತಿದ್ದರು. ಒಂದೇ ಪ್ರತಿ. ವಾಚನಾಲಯದ ಮೇಜಿಗೆ ದಾರ ಕಟ್ಟಿ ಇಡುವುದು. ಆ ವರ್ಷ ಕನ್ನಡ ಪಾಠ ಮಾಡುವ ಭಟ್ರು ಪ್ರಿನ್ಸಿಪಾಲರ ಹತ್ತಿರ ಹೋಗಿ, ಪ್ರೆಸ್ಸಿಗೆ ಬಿಡುವಿದ್ದಾಗ ಹದಿನಾರು ಪುಟದ ಮ್ಯಾಗಜೀನ್ ಅಚ್ಚು ಹಾಕಲು ಒಪ್ಪಿಗೆ ತಂದರು. "ಆಫೀಸಿನ ಕೆಲಸಕ್ಕೆ ತೊಂದರೆ ಆದರೆ ಅಲ್ಲಿಗೇ ನಿಲ್ಲಿಸುವುದು" ಎಂಬುದು ಪ್ರಿನ್ಸಿಪಾಲರ ಷರತ್ತು. ಟ್ರೆಡಲಿನಲ್ಲಿ ಒಂದು ಸಲಕ್ಕೆ ನಾಲ್ಕು ಪುಟ ಅಚ್ಚಾಗುತ್ತಿತ್ತು. ಒಟ್ಟು ನಾಲ್ಕು ಸಲ ಹಾಕಬೇಕು. ಕನ್ನಡದ ಮೊಳೆ ನಮ್ಮಲ್ಲಿ ಇದ್ದದ್ದು ಬಹಳ ಕಡಿಮೆ. ನಾಲ್ಕು ಪುಟ ಅಚ್ಚಾದ ಮೇಲೆ ಅದನ್ನು ಬಿಚ್ಚಿ, ಮೊಳೆಗಳನ್ನು ಅವುಗಳ ಮನೆಗೆ ಹಾಕಿದರೇನೇ ಮುಂದಿನ ನಾಲ್ಕು ಪುಟ ಕಟ್ಟಲು ಆಗುವುದು.

ಕೊನೆಯ ನಾಲ್ಕು ಪುಟ, ಅಂದರೆ ಹದಿಮೂರರಿಂದ ಹದಿನಾರು, ಕಮಲಾಕ್ಷಿ ಎಂಬ ಹುಡುಗಿಯ ಕಥೆ. ಕಡಬದ ಕಡೆಯವಳು. ಕುಮಾರಧಾರೆ ಹೊಳೆಯಲ್ಲಿ ಜನರನ್ನು ದಾಟಿಸುವ ದೋಣಿ ಅವಳ ಅಪ್ಪನದು. ಕಥೆಯ ಹೆಸರು 'ಕಡವು', ಅಂದರೆ ದೋಣಿ ದಾಟುವ ಜಾಗ. ದೋಣಿ ನಡೆಸುವವನೊಬ್ಬ ಎಲ್ಲರನ್ನೂ ಆಚೆ ದಡಕ್ಕೆ ಮುಟ್ಟಿಸುತ್ತಾನೆ, ಆ ದಡದಿಂದ ಹತ್ತು ಹೆಜ್ಜೆ ಮುಂದೆ ಅವನು ಯಾವತ್ತೂ ಹೋಗಿಲ್ಲ, ಅಷ್ಟೇ ಕಥೆ. ಕಂಪೋಸಿಟರಿಗೆ ಅಕ್ಷರ ಕಾಣುತ್ತದೆ, ವಿಷಯ ಕಾಣುವುದಿಲ್ಲ. ನಾನು ಮೊದಲ ಸಲ ಕೈ ನಿಲ್ಲಿಸಿ ಮುಂದೆ ಎಂತ ಆಯಿತು ಅಂತ ನೋಡಿದ್ದು ಆ ಕಥೆಯಲ್ಲಿ.

ಅವಳು ಫೈನಲ್ ವರ್ಷ. ಮುಂದಿನ ವರ್ಷ ಕಾಲೇಜಿನಲ್ಲಿ ಇರುವುದಿಲ್ಲ. "ಅಪ್ಪನಿಗೆ ಓದಲಿಕ್ಕೆ ಬರುದಿಲ್ಲ ಐತಪ್ಪಣ್ಣ. ಆದರೂ ಅಚ್ಚಾದದ್ದನ್ನು ಒಮ್ಮೆ ಅವರ ಕೈಯಲ್ಲಿ ಕೊಡಬೇಕು" ಎಂದು ಒಂದು ದಿನ ನನ್ನಲ್ಲಿ ಹೇಳಿದ್ದಳು.

ಫೆಬ್ರವರಿ ಹೊತ್ತಿಗೆ ಹನ್ನೆರಡು ಪುಟ ಅಚ್ಚಾಗಿತ್ತು. ನಡುವೆ ಪ್ರಿಪರೇಟರಿಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಮುಗಿಸಿ, ಕವರಿಗೆ ಅರಗು ಹಾಕಿ ಪ್ರಿನ್ಸಿಪಾಲರ ಕಪಾಟಿಗೆ ಸೇರಿಸಿದ್ದೆವು. ಹೊಸ್ತಿಲು ಮತ್ತೆ ತೆರೆಯಿತು. ನಾನು 'ಕಡವು' ಕಟ್ಟಿ ಮುಗಿಸಿದ್ದು ಒಂದು ಶನಿವಾರ. ಅವಳು ಊರಿಗೆ ಹೋಗುವ ಬಸ್ಸಿಗೆ ಅರ್ಧ ಗಂಟೆ ಇತ್ತು. ಪ್ರೂಫ್ ಕೊಟ್ಟರೆ ಭಾನುವಾರ ಮನೆಯಲ್ಲಿ ತಿದ್ದಿ ಸೋಮವಾರ ತರುತ್ತೇನೆ ಎಂದಳು. ಮೊಳೆಗೆ ರೋಲರಿನಿಂದ ಶಾಯಿ ಹಚ್ಚಿ, ಹಾಳೆ ಹೊದಿಸಿ, ಮರದ ಹಲಗೆ ಇಟ್ಟು ತಟ್ಟಿ ನಾಲ್ಕು ಪುಟದ ಪ್ರೂಫ್ ತೆಗೆದುಕೊಟ್ಟೆ. ಪ್ರೂಫಿಗೆ ಹೊಸ ಕಾಗದ ಬಳಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಕೆಟ್ಟ ನೋಟೀಸು, ಕೆಟ್ಟ ರಶೀದಿ, ಹಿಂಬದಿ ಬಿಳಿ ಇದ್ದದ್ದು ಯಾವುದಾದರೂ ಆಗುತ್ತಿತ್ತು. ಅವಳು ಮಡಚಿ ಚೀಲಕ್ಕೆ ಹಾಕಿ ಓಡಿದಳು.

ಸೋಮವಾರ ಬೆಳಿಗ್ಗೆ ನಾವು ಬಾಗಿಲು ತೆಗೆಯುವಾಗ ಅವಳು ಮೆಟ್ಟಿಲಿನಲ್ಲಿ ಕೂತಿದ್ದಳು. ಅಬ್ಬಾಸ್ ಬ್ಯಾರಿ ಚಾ ಕುಡಿಯಲು ಹೋಗುವವರೆಗೆ ಕಾದಳು. ಅವರು ಹೋದ ಮೇಲೆ ಹಾಳೆ ತೆಗೆದು ಮೇಜಿನ ಮೇಲೆ ಕವುಚಿ ಇಟ್ಟಳು.

"ಐತಪ್ಪಣ್ಣ, ಹದಿನಾಲ್ಕನೇ ಪುಟದ ಹಿಂದೆ ನೋಡಿ."

ನೋಡಿದೆ. ಬರುವ ಗುರುವಾರದ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ. ಅವಳದೇ ಕ್ಲಾಸಿನದ್ದು. ಬರೆದವರು ಭಟ್ರೇ.

ಹೇಗೆ ಆಯಿತೆಂದು ನನಗೆ ತಕ್ಷಣ ಹೊಳೆಯಿತು. ಟ್ರೆಡಲಿನಲ್ಲಿ ಅಚ್ಚು ಸಮ ಬೀಳಬೇಕಾದರೆ ಕಾಗದ ಕೂರುವ ತಗಡಿನ ಮೇಲೆ ನಾಲ್ಕಾರು ಹಾಳೆ ಮೆತ್ತೆ ಕಟ್ಟಬೇಕು. ಪ್ಯಾಕಿಂಗ್ ಅನ್ನುತ್ತೇವೆ. ಪ್ರಶ್ನೆಪತ್ರಿಕೆ ಅಚ್ಚಾಗುವಾಗ ಅಚ್ಚು ಒಂದು ಮೂಲೆಯಲ್ಲಿ ತೇಲಿತು, ಅಕ್ಷರ ಮಸುಕಾಗಿ ಬಿತ್ತು. ಕೈಗೆ ಸಿಕ್ಕಿದ ಒಂದು ಕೆಟ್ಟ ಹಾಳೆಯನ್ನು ಮೆತ್ತೆಗೆ ತುರುಕಿದ್ದೆ. ಕೆಟ್ಟದ್ದು ಹತ್ತು, ಸುಟ್ಟದ್ದು ಒಂಬತ್ತು. ಒಂದು ಮೆಷಿನಿನಲ್ಲಿ ಉಂಟಲ್ಲ, ಮೆತ್ತೆ ಬಿಚ್ಚುವಾಗ ಸುಟ್ಟರಾಯಿತು ಎಂದು ಪುಸ್ತಕದಲ್ಲಿ 'ಹತ್ತು' ಬರೆದು ಸಹಿ ಹಾಕಿದ್ದೆ. ಮೆತ್ತೆ ಬಿಚ್ಚಿದಾಗ ಅದು ಮರೆತು ಹೋಗಿ, ಹಾಳೆ ಪ್ರೂಫಿನ ಕಟ್ಟಿಗೆ ಸೇರಿತ್ತು. ಪ್ರೂಫಿನ ಹಿಂಬದಿ ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ.

"ನೀವು ಇದನ್ನು ಓದಿದ್ರಾ ಅಕ್ಕ?" ಎಂದೆ.

"ಮೂರನೇ ಪ್ರಶ್ನೆವರೆಗೆ ಓದಿದೆ. ಹಳೆಯದ್ದು ಅಂತ ಗ್ರಹಿಸಿದ್ದೆ. ಮತ್ತೆ ತಾರೀಕು ಕಂಡಿತು."

"ಬೇರೆ ಯಾರಾದರೂ?"

"ಮನೆಯಲ್ಲಿ ಓದುವವರು ನಾನೊಬ್ಬಳೇ."

ಹೊರಗೆ ಹಿತ್ತಿಲಿನಲ್ಲಿ ಅಂಟು ಕಾಯಿಸುವ ಒಲೆ ಉರಿಯುತ್ತಿತ್ತು. ನಾನು ಆಗ ಆಡಿದ ಮಾತನ್ನು ಮುಚ್ಚಿಡುವುದಿಲ್ಲ. "ಕೊಡಿ, ಒಲೆಗೆ ಹಾಕಿ ಬಿಡುವ. ನಿಮಗೆ ಗೊತ್ತು, ನನಗೆ ಗೊತ್ತು" ಎಂದೆ. ಮದುವೆಯಾಗಿ ಎಂಟು ತಿಂಗಳು ಆಗಿತ್ತು ನನಗೆ. ಬೇರೆ ಕೆಲಸ ಗೊತ್ತಿರಲಿಲ್ಲ.

ಅವಳು ಹಾಳೆಯ ಮೇಲಿಂದ ಕೈ ತೆಗೆಯಲಿಲ್ಲ. "ಸುಟ್ಟರೆ ಹಾಳೆ ಹೋಗ್ತದೆ. ನಾನು ಓದಿದ್ದು ಎಲ್ಲಿಗೆ ಹೋಗ್ತದೆ?"

ಇಬ್ಬರೂ ಭಟ್ರ ಹತ್ತಿರ ಹೋದೆವು.

ನಡೆದದ್ದನ್ನು ನಾನೇ ಹೇಳಿದೆ. ಒಂಬತ್ತು ಸುಟ್ಟು ಹತ್ತು ಬರೆದದ್ದನ್ನೂ ಹೇಳಿದೆ. ಭಟ್ರು ಕನ್ನಡಕ ತೆಗೆದು ಒರಸಿದರು. ಮತ್ತೆ ಹಾಕಿದರು. ಬೈಯುವರೆಂದು ಕಾದೆ. ಅವರು ಕೇಳಿದ್ದು ಬೇರೆ.

"ಹೊಸ ಪತ್ರಿಕೆ ನಾನು ಮಧ್ಯಾಹ್ನದ ಒಳಗೆ ಬರೆದು ಕೊಡ್ತೇನೆ. ಕಟ್ಟಲಿಕ್ಕೆ ಮೊಳೆ ಉಂಟಾ?"

ಮೊಳೆ ಇರಲಿಲ್ಲ. ಇದ್ದದ್ದೆಲ್ಲ ಎರಡು ಕಡೆ ನಿಂತಿತ್ತು. ಒಂದು ಕಾಲೇಜಿನ ವಾರ್ಷಿಕ ವರದಿ. ಅದನ್ನು ಆಡಳಿತ ಮಂಡಳಿಯವರು ನೋಡಿ ಒಪ್ಪುವವರೆಗೆ ಮುಟ್ಟುವಂತಿಲ್ಲ. ಇನ್ನೊಂದು 'ಕಡವು'. ನನಗೆ ಅದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ. ವರದಿ ನಿಂತಿದೆ, ಮತ್ತೆ... ಎಂದು ನಿಲ್ಲಿಸಿದೆ.

"ಎರಡರಲ್ಲಿ ಬಿಚ್ಚುದು ನನ್ನದೇ ಅಲ್ವಾ?" ಎಂದಳು ಕಮಲಾಕ್ಷಿ. "ಬಿಚ್ಚಿ."

ಭಟ್ರು ನನ್ನನ್ನು ಪ್ರಿನ್ಸಿಪಾಲರ ಹತ್ತಿರ ಕರೆದುಕೊಂಡು ಹೋಗಿ ಹಾಳೆಯ ವಿಷಯ ತಿಳಿಸಿದರು. ಪ್ರಿನ್ಸಿಪಾಲರು ಹೆಚ್ಚು ಮಾತಿನವರಲ್ಲ. ಹಾಳೆಯನ್ನು ಕವರಿಗೆ ಹಾಕಿ ಅರಗು ಒತ್ತಿದರು. ನನಗೆ ಒಂದು ಮೆಮೊ, ಅಂದರೆ ಲಿಖಿತ ಎಚ್ಚರಿಕೆ, ಬರೆಸಿದರು. ಕೆಲಸ ಉಳಿಯಿತು. "ವಿದ್ಯಾರ್ಥಿಗಳ ಕೆಲಸ ಪ್ರೆಸ್ಸಿನಲ್ಲಿ ಇನ್ನು ಬೇಡ" ಎಂದು ಭಟ್ರಿಗೆ ಹೇಳಿದರು. ಭಟ್ರು ಎಂತದೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಇನ್ನೊಂದು ಫೈಲು ಎಳೆದುಕೊಂಡಾಗಿತ್ತು.

ನಾಲ್ಕು ಪುಟ ಕಟ್ಟಲು ಎರಡು ದಿನ ಹಿಡಿದಿತ್ತು. ಬಿಚ್ಚಲು ಎರಡು ಗಂಟೆ ಸಾಕಾಯಿತು. ಸಾಲನ್ನು ಎಡಗೈಯಲ್ಲಿ ಹಿಡಿದು, ಒಂದೊಂದು ಶಬ್ದ ನೋಡಿಕೊಂಡು, ಮೊಳೆಗಳನ್ನು ಅವುಗಳ ಮನೆಗೆ ಬೀಳಿಸುತ್ತಾ ಹೋಗುವುದು. ಹಾಗಾಗಿ ಕಥೆಯನ್ನು ಮತ್ತೊಮ್ಮೆ ಓದಿದ ಹಾಗಾಯಿತು. ಓದಿದ್ದು ಓದಿದ ಹಾಗೆ ಇಲ್ಲದಾಗುತ್ತಾ ಹೋಯಿತು. ಅಬ್ಬಾಸ್ ಬ್ಯಾರಿ ಆ ಎರಡು ಗಂಟೆ ಒಂದೂ ತಮಾಷೆ ಮಾಡಲಿಲ್ಲ. ಕೊನೆಗೆ, "ಮಾರಾಯ, ಸುಳ್ಳು ಬರೆದದ್ದು ನೀನು. ಕಳಕೊಂಡದ್ದು ಆ ಹುಡುಗಿ. ಇದು ಯಾವ ಊರಿನ ನ್ಯಾಯ?" ಎಂದರು. ಅದೇ ಮೊಳೆಯಲ್ಲಿ ನಾನು ಹೊಸ ಪ್ರಶ್ನೆಪತ್ರಿಕೆ ಕಟ್ಟಿದೆ. ಬುಧವಾರ ಅಚ್ಚಾಯಿತು. ಕೆಟ್ಟ ಹಾಳೆ ಏಳು, ಸುಟ್ಟದ್ದು ಏಳು. ಗುರುವಾರ ಪರೀಕ್ಷೆ ನಡೆಯಿತು.

ಮ್ಯಾಗಜೀನನ್ನು ಹನ್ನೆರಡು ಪುಟಕ್ಕೇ ಹೊಲಿದು ಮಾರ್ಚಿನಲ್ಲಿ ಕಾಲೇಜ್ ಡೇಗೆ ಕೊಟ್ಟರು. ಆದರೆ ಪರಿವಿಡಿ ಇದ್ದದ್ದು ಮೊದಲನೇ ಪುಟದಲ್ಲಿ. ಅದು ಜನವರಿಯಲ್ಲೇ ಅಚ್ಚಾಗಿ ಹೋಗಿತ್ತು. ಅದರಲ್ಲಿ ಕೊನೆಯ ಸಾಲು: 'ಕಡವು, ಕಮಲಾಕ್ಷಿ, ಪುಟ 13'. ಹದಿಮೂರನೇ ಪುಟ ಪುಸ್ತಕದಲ್ಲಿ ಇರಲಿಲ್ಲ. ಅವಳ ಗೆಳತಿಯರು ಹಿಂದೆ ಮುಂದೆ ತಿರುಗಿಸಿ ಹುಡುಕುವುದನ್ನು ನಾನು ಸಭೆಯ ಹಿಂದೆ ನಿಂತು ನೋಡಿದೆ. ಅವಳು ಯಾರಿಗೂ ಕಾರಣ ಹೇಳಲಿಲ್ಲ. ಹೇಳಿದ್ದರೆ ಮೂರು ಪ್ರಶ್ನೆ ಓದಿದವಳು ಎಂಬ ಮಾತು ಅವಳ ಮೇಲೆಯೇ ಬರುತ್ತಿತ್ತು.

ವೇದಿಕೆಯ ಮೇಲೆ ಪ್ರಿನ್ಸಿಪಾಲರೂ ಹುಡುಕಿದರಂತೆ. ಪಕ್ಕದಲ್ಲಿದ್ದ ಭಟ್ರನ್ನು, "ಹದಿಮೂರನೇ ಪುಟ ಎಲ್ಲಿ?" ಎಂದು ಕೇಳಿದರಂತೆ. ಭಟ್ರು, "ಅದನ್ನು ಬಿಚ್ಚಿಯೇ ಸರ್, ಗುರುವಾರದ ಪತ್ರಿಕೆ ಕಟ್ಟಿದ್ದು. ಹಾಳೆ ತಂದುಕೊಟ್ಟ ಹುಡುಗಿಯ ಕಥೆ" ಎಂದರಂತೆ. ಪ್ರಶ್ನೆಪತ್ರಿಕೆ ಹೊರಗೆ ಹೋದದ್ದು, ಮರಳಿ ಬಂದದ್ದು ಪ್ರಿನ್ಸಿಪಾಲರಿಗೆ ಗೊತ್ತಿತ್ತು. ಹೊಸದಕ್ಕೆ ಮೊಳೆ ಎಲ್ಲಿಂದ ಬಂತು ಎಂದು ಅವರು ಕೇಳಿರಲಿಲ್ಲ, ನಾವು ಹೇಳಿರಲಿಲ್ಲ.

ಮರುದಿನ ನನಗೆ ಕರೆ ಬಂತು. ಇನ್ನೊಂದು ಮೆಮೊ ಎಂದು ಅಂಗಿ ಸರಿ ಮಾಡಿಕೊಂಡು ಹೋದೆ.

"ನಾಲ್ಕು ಪುಟಕ್ಕೆ ಎಷ್ಟು ದಿನ ಬೇಕು?"

"ಕಟ್ಟಲು ಎರಡು, ಅಚ್ಚಿಗೆ ಒಂದು ಸರ್."

"ಮಕ್ಕಳು ಪರೀಕ್ಷೆಯ ಓದಿಗೆ ಊರಿಗೆ ಹೋಗುವ ಮೊದಲು ಆಗಬೇಕು. ಪ್ರೂಫನ್ನು ಹೊಸ ಕಾಗದದಲ್ಲಿ ತೆಗೆಯಿರಿ. ಎರಡೂ ಬದಿ ಬಿಳಿ ಇರಬೇಕು."

ಕಮಲಾಕ್ಷಿ ಹಸ್ತಪ್ರತಿ ತಂದಳು. ಕಟ್ಟುವಾಗ ನನಗೆ ಲೆಕ್ಕ ತಪ್ಪಿತು. ಕೊನೆಯ ಪುಟದಲ್ಲಿ ಹದಿನೆಂಟು ಸಾಲು ಕಡಿಮೆ. ಎಲ್ಲಿಯೋ ಬಿಟ್ಟೆನೋ ಎಂದು ಹೆದರಿ ಕೇಳಿದೆ.

"ಇಲ್ಲ, ನಾನೇ ತೆಗೆದದ್ದು. ಪ್ರೂಫಿನಲ್ಲಿ ನೋಡುವಾಗ ಆ ಸಾಲುಗಳು ಹೆಚ್ಚಾಯ್ತು ಅಂತ ಕಂಡಿತು. ಕೈಬರಹದಲ್ಲಿ ಇದ್ದಾಗ ಗೊತ್ತೇ ಆಗಿರಲಿಲ್ಲ."

ಅಬ್ಬಾಸ್ ಬ್ಯಾರಿಗೆ ಅಷ್ಟು ಸಾಕಾಯಿತು. "ಇನ್ನೊಮ್ಮೆ ಬಿಚ್ಚುವ ಐತಪ್ಪ. ಕಥೆ ಒಂದೇ ಪುಟದಲ್ಲಿ ಮುಗಿತದೆ, ನನ್ನ ಕಾಲಿಗೂ ಸುಖ." ಅವಳು ನಕ್ಕದ್ದನ್ನು ಆ ತಿಂಗಳಲ್ಲಿ ನಾನು ಮೊದಲ ಸಲ ನೋಡಿದೆ.

ಮೊದಲ ಪ್ರತಿ ಮೆಷಿನಿನಿಂದ ಬಂದಾಗ ಶಾಯಿ ಒಣಗಿರಲಿಲ್ಲ. ಒಣಗುವವರೆಗೆ ಅವಳು ಅದನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡೇ ನಿಂತಳು. ನಾಲ್ಕು ಪುಟವನ್ನು ಮಡಚಿ, ಮ್ಯಾಗಜೀನಿನ ಒಳಗೆ ಬಿಡಿಯಾಗಿ ಸೇರಿಸಿ ಎಲ್ಲರಿಗೂ ಕೊಟ್ಟೆವು. ಅವಳ ಅಪ್ಪ ಅದನ್ನು ಎಣ್ಣೆಕಾಗದದಲ್ಲಿ ಸುತ್ತಿ ದೋಣಿಯಲ್ಲಿ ಇಟ್ಟುಕೊಂಡು, ದಾಟುವವರಲ್ಲಿ ಓದು ಬರುವವರ ಕೈಯಲ್ಲಿ ಓದಿಸುತ್ತಿದ್ದರಂತೆ. ಮುಂದಿನ ವರ್ಷದಿಂದ ಪ್ರಿಪರೇಟರಿ ಮುಗಿದ ಮೇಲೆ ಎರಡು ವಾರ ಪ್ರೆಸ್ಸು ವಿದ್ಯಾರ್ಥಿಗಳದ್ದು ಎಂದು ನೋಟೀಸು ಬಂತು. ಅದನ್ನೂ ನಾನೇ ಕಟ್ಟಿದೆ.

ಕಲಿತದ್ದು ಎಂತ ಎಂದು ಕೇಳಿದರೆ ಹೇಳಲು ದೊಡ್ಡ ಮಾತು ನನ್ನಲ್ಲಿಲ್ಲ. ಹತ್ತು ಎಂದು ಬರೆಯುವ ಮೊದಲು ಹತ್ತು ಸುಟ್ಟಿರಬೇಕು. ಕೈಯಿಂದ ಹೋಗುವ ಹಾಳೆಯನ್ನು ಎರಡೂ ಬದಿ ನೋಡಬೇಕು. ಆಮೇಲೆ ಪ್ರೆಸ್ಸಿನಲ್ಲಿ ಎಷ್ಟೋ ವರ್ಷ ಇದ್ದೆ, ಆ ಅಭ್ಯಾಸ ಬಿಡಲಿಲ್ಲ.

ಹೋದ ಭಾನುವಾರ ಧನ್ಯ ಸುಳ್ಯದಿಂದ ಬಂದಳು. ಈಗ ಮೊಳೆ ಇಲ್ಲ, ಎಲ್ಲ ಕಂಪ್ಯೂಟರ್. ಆದರೂ ಪ್ರೂಫ್ ಅಂತ ಒಂದು ಉಂಟು. ಅವಳ ಕಥೆಯದ್ದು, ಮೂರು ಹಾಳೆ. "ಅಜ್ಜ, ಮೊದಲು ನೀವು ನೋಡಬೇಕು ಅಂತ ತಂದೆ" ಎಂದು ಕೈಗೆ ಕೊಟ್ಟಳು. ಕನ್ನಡಕ ಹಾಕಿಕೊಂಡು ಹಾಳೆಗಳನ್ನು ತಿರುಗಿಸಿ ಹಿಂಬದಿ ನೋಡುತ್ತಾ ಕೂತೆ.

"ಎಂತ ಅಜ್ಜ, ಕಥೆ ಈ ಬದಿಯಲ್ಲಿ ಉಂಟು" ಎಂದು ನಕ್ಕಳು.

ಗೊತ್ತುಂಟು ಮಗಾ ಎಂದೆ. ಮೂರು ಹಾಳೆಯ ಹಿಂಬದಿಯೂ ಬಿಳಿ ಇತ್ತು. ಆಮೇಲೆ ಮಗುಚಿ, ಅವಳ ಹೆಸರಿನಿಂದ ಓದಲು ಸುರು ಮಾಡಿದೆ.