ಮೀಯಿಸುವ ಅಮ್ಮನ ಶೀತ

ಮೀಯಿಸುವ ಅಮ್ಮನ ಮೊಣಕಾಲಿನ ಕೆಳಗೆ ಒಂದು ರೋಮವೂ ಇರಲಿಲ್ಲ. ನಲವತ್ತು ವರ್ಷ ನಮ್ಮ ಕಾಪು ಊರಿನ ಕೂಸುಗಳನ್ನು ಚಾಚಿದ ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಅಲ್ಲಿಯ ಚರ್ಮ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ಬಾಣಂತಿಯರಿಗೆ ಅವರೆಂದರೆ ಹೆದರಿಕೆ. "ನೆಟ್ಟಗೆ ಕೂತುಕೋ. ಹೆತ್ತದ್ದು ನೀನೊಬ್ಬಳೇ ಅಂತ ಉಂಟಾ?" ಎಂದು ಗದರಿ ಬೆನ್ನಿಗೆ ಸುಡುನೀರು ಎರಚುವರು. ಸ್ನಾನ ಮುಗಿದ ಮೇಲೆ ಕೂಸಿನ ಕಿವಿ, ಮೂಗಿಗೆ ಮೆಲ್ಲಗೆ ಊದಿ ನೀರು ಹಾರಿಸುವುದು ಅವರ ಪದ್ಧತಿ. "ಊದದಿದ್ದರೆ ಮಿಂದ ಹಾಗೆ ಅಲ್ಲ" ಎನ್ನುತ್ತಿದ್ದರು.

ನನ್ನ ಮಗಳು ಹುಟ್ಟಿದ ಹನ್ನೆರಡನೆಯ ದಿನ ಬೆಳಿಗ್ಗೆ ಅವರು ಫೋನ್ ಮಾಡಿದರು. "ಸ್ವಲ್ಪ ಶೀತ ಉಂಟು ಮಾರಾಯ್ತಿ. ಎರಡು ದಿನ ಬರುವುದಿಲ್ಲ, ಆದೀತಾ?"

ನಾನು ಉಡುಪಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷಿಸುವವಳು. ತಿಳಿದವಳೆಂಬ ಜಂಬ ಬೇರೆ. ಎರಡು ಡೋಸ್ ಲಸಿಕೆಯ ನಂತರ ಅವರಿಗೆ ಒಮ್ಮೆ ಕೊರೊನಾ ಬಂದಿತ್ತು; ಮೂರೇ ದಿನದಲ್ಲಿ ಎದ್ದು ಓಡಾಡಿದ್ದರು. "ಲಸಿಕೆ ಮೈಗೆ ಕಲಿಸಿದ್ದನ್ನು ಆ ಸೋಂಕು ಇನ್ನೂ ಗಟ್ಟಿ ಮಾಡಿದೆ ಅಮ್ಮ. ನಿಮಗೆ ಇನ್ನೆಂತ ಕೊರೊನಾ? ಬನ್ನಿ" ಎಂದೆ. ಸೊಂಟ ನೋಯುತ್ತಿತ್ತು, ನನಗೆ ಬಿಸಿನೀರು ಬೇಕಿತ್ತು. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಬಂದರು. ಮಾಸ್ಕ್ ಹಾಕಿಕೊಂಡೇ ಮೀಯಿಸಿದರು. ಊದುವಾಗ ಮಾತ್ರ ಅದನ್ನು ಗದ್ದಕ್ಕೆ ಇಳಿಸಿದರು.

ಅದಾದ ನಾಲ್ಕನೆಯ ದಿನ ಕೂಸು ಮೊಲೆ ಬಿಟ್ಟು ಏದುಸಿರು ಬಿಡತೊಡಗಿತು. ಮಣಿಪಾಲದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಗಾಜಿನ ಪೆಟ್ಟಿಗೆಯೊಳಗಿತ್ತು. ಕೂಸಿಗೂ ಮೀಯಿಸುವ ಅಮ್ಮನಿಗೂ ಕೊರೊನಾ ಎಂದೇ ವರದಿ ಬಂತು.

"ಅವರಿಗೆ ಬರೀ ಶೀತದಲ್ಲಿ ಹೋದದ್ದು ಲಸಿಕೆ, ಹಳೆಯ ಸೋಂಕು ಕೊಟ್ಟ ರಕ್ಷಣೆಯಿಂದಲೇ," ಎಂದರು ಡಾಕ್ಟರು. "ಆದರೆ ಅದು ಅವರೊಬ್ಬರ ರಕ್ಷಣೆ. ಮೂಗಿನಲ್ಲಿ ವೈರಸ್ ಕೂರುವುದೇ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?"



ಮಗು ಬದುಕಿತು. ಆದರೆ ರೋಗ ತಂದವರೆಂಬ ಮಾತು ಮನೆಯಿಂದ ಮನೆಗೆ ದಾಟಿ, ಅವರನ್ನು ಬಾಣಂತನಕ್ಕೆ ಕರೆಯುವವರೇ ಇಲ್ಲದಾದರು. ಆ ಮಾತು ಹೊರಟದ್ದು ನಮ್ಮ ಮನೆಯಿಂದ, ನನ್ನ ಅತ್ತೆಯ ಬಾಯಿಂದ. ಪಕ್ಕದಲ್ಲೇ ಇದ್ದ ನಾನು ತುಟಿ ಬಿಚ್ಚಲಿಲ್ಲ. ಮೀಯಿಸುವ ಅಮ್ಮ ಕಾರ್ಕಳದ ತಮ್ಮ ಮಗಳ ಮನೆ ಸೇರಿದರು. ಕಳೆದ ವರ್ಷ ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು.

ಉತ್ತರಕ್ರಿಯೆಗೆ ಹೋದೆ. ಈ ಸಲ ನಿಜ ಹೇಳಿಯೇ ಬರುವುದೆಂದು ಅವರ ಮಗಳ ಎದುರು ಕೂತೆ. ನಾನು ಮಾತು ತೆಗೆಯುವ ಮೊದಲೇ ಅವಳು ನನ್ನ ಕೈ ಹಿಡಿದುಕೊಂಡಳು.

"ಅಮ್ಮ ಎಲ್ಲ ಹೇಳಿದ್ದಾರೆ ಅಕ್ಕ. ನೀವು ಬೇಡ ಬೇಡ ಅಂದರೂ ಅವರೇ ಹಟ ಮಾಡಿ ಬಂದದ್ದಂತೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಆಯ್ತಾ."

"ಪರವಾಗಿಲ್ಲ" ಎಂದೆ.