ಎಡಗೈ ಹೆಬ್ಬೆಟ್ಟು

ನನಗೆ ಅನುಮಾನ ಜಾಸ್ತಿ. ಹಾಲಿನವನು ಅಳೆಯುವಾಗ ಮಾಪಿನ ತಳ ನೋಡುತ್ತೇನೆ, ಬಸ್ಸಿನ ಟಿಕೀಟನ್ನು ಇಳಿದ ಮೇಲೂ ಎಸೆಯುವುದಿಲ್ಲ. ಮನೆಯವರು ನನ್ನನ್ನು ಸಿಐಡಿ ಅನ್ನುತ್ತಾರೆ. ಅನ್ನಲಿ. ತಾರಿಹಾಳದ ಕಾರ್ಖಾನೆಗೆ ಸೇರಿದ ದಿನ ಖಾಲಿ ಹಾಳೆಗಳ ಮೇಲೆ ಸಹಿ ಕೇಳಿದ್ದರು. ಉಳಿದ ಹೆಂಗಸರು ಮಾಡಿ ಕೊಟ್ಟರು. ನಾನು ಪ್ರತಿ ಹಾಳೆಗೂ ಮೂಲೆಯಿಂದ ಮೂಲೆಗೆ ಗೀಟು ಎಳೆದು ಆಮೇಲೆ ಸಹಿ ಮಾಡಿದೆ. ಸೂಪರ್‌ವೈಸರ್ ನನ್ನ ಮುಖ ನೋಡಿ ನಕ್ಕ. ಆ ನಗೆಯನ್ನೂ ನಾನು ನಂಬಲಿಲ್ಲ.

ಇಷ್ಟು ಹುಷಾರಿದ್ದವಳು ಮೋಸ ಹೋದದ್ದು ಹೆಬ್ಬೆಟ್ಟಿನಲ್ಲಿ.

ಅಲ್ಲಿ ಪಂಪಿನ ಬಿಡಿಭಾಗಗಳು ತಯಾರಾಗುತ್ತವೆ. ನನ್ನದು ಡಬ್ಬಿಗೆ ತುಂಬುವ ಕೆಲಸ. ನನ್ನ ಗೆಳತಿಯದು ಗ್ರೈಂಡಿಂಗ್, ಅಂದರೆ ಎರಕದ ತುಣುಕನ್ನು ತಿರುಗುವ ಕಲ್ಲಿಗೆ ಹಿಡಿದು ಅಂಚು ನುಣುಪು ಮಾಡುವುದು. ತುಣುಕಿನ ಜೊತೆ ಬೆರಳಿನ ಗೆರೆಗಳೂ ಸವೆಯುತ್ತವೆ. ಹಾಜರಿಗೆಂದು ಬಾಗಿಲಲ್ಲಿ ಯಂತ್ರ ಕೂಡಿಸಿದಾಗ ಆಕೆಯ ಹತ್ತು ಬೆರಳಲ್ಲಿ ಒಂದನ್ನೂ ಅದು ಗುರುತಿಸಲಿಲ್ಲ. ಗ್ರೈಂಡಿಂಗಿನ ಬಹುಪಾಲು ಹೆಂಗಸರದು ಇದೇ ಪಾಡು. ಆಗ ಸೂಪರ್‌ವೈಸರ್ ಒಂದು ಉಪಾಯ ಹೇಳಿದ. ಬೆರಳಿಗೆ ಗೆರೆ ಇದ್ದವರು ಗೆರೆ ಇಲ್ಲದವರಿಗೆ ಒಂದೊಂದು ಬೆರಳು ಸಾಲ ಕೊಡಬೇಕು. ಹಾಗಾಗಿ ಯಂತ್ರದ ಲೆಕ್ಕದಲ್ಲಿ ನನ್ನ ಬಲಗೈ ಹೆಬ್ಬೆಟ್ಟು ನಾನು, ಎಡಗೈ ಹೆಬ್ಬೆಟ್ಟು ಆಕೆ. ನನಗೆ ರಜೆ ಇದ್ದ ದಿನ ಆಕೆಯ ಹಾಜರಿಯನ್ನು ತಾನೇ ತಿದ್ದುತ್ತೇನೆ ಎಂದೂ ಅವನು ಹೇಳಿದ್ದ.

ಆಕೆ ಶಿರಗುಪ್ಪಿಯಿಂದ ಎರಡು ಬಸ್ಸು ಬದಲಿಸಿ ಬರಬೇಕು, ದಿನಾ ಹತ್ತು ನಿಮಿಷ ತಡ. ನಾನು ಮೊದಲೇ ಬಂದು ಬಲ, ಎಡ ಎರಡೂ ಒತ್ತಿ ಒಳಗೆ ಹೋಗುತ್ತಿದ್ದೆ. ಗೆಳತಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಹೆಮ್ಮೆ ನನಗೆ. ಅನುಮಾನ ಬರಬೇಕಾದ ಜಾಗದಲ್ಲಿ ಹೆಮ್ಮೆ ಬಂದು ಕೂತಿತ್ತು.

ಬಸುರಿಯಾಗಿದ್ದ ಅಕ್ಕನ ಮಗಳ ಕುಬಸಕ್ಕೆಂದು ಒಂದು ದಿನ ರಜೆ ಹಾಕಿ ಸಪ್ತಾಪುರಕ್ಕೆ ಹೋಗಿದ್ದೆ. ಮರುದಿನ ಎಂದಿನಂತೆ ಬಲ, ಎಡ ಒತ್ತಿ ಒಳಗೆ ಹೋದೆ. ಆಕೆ ಬರಲೇ ಇಲ್ಲ. ಊರಿಗೆ ಹೋಗಿದ್ದಾಳೆ ಎಂದ ಸೂಪರ್‌ವೈಸರ್. ಆದರೆ ಆಕೆಯ ಜಾಗದಲ್ಲಿ ಗ್ರೈಂಡಿಂಗ್ ಕಲ್ಲು ಹೊಸದಿತ್ತು, ನೆಲ ತೊಳೆದಿತ್ತು. ವಾರಗಟ್ಟಲೆ ಕಸ ಹೊಡೆಯದ ನೆಲ ಅದು. ಊಟದ ಹೊತ್ತಿಗೆ ಒಬ್ಬಾಕೆ ಬಾಯಿ ಬಿಟ್ಟಳು. ಹಿಂದಿನ ದಿನ ಕಲ್ಲು ಒಡೆದು, ಗೆಳತಿಯ ಬಲಗೈಯ ಹೆಬ್ಬೆರಳೂ ತೋರುಬೆರಳೂ ಹೋಗಿದ್ದವು.

ಸಂಜೆ ಆಸ್ಪತ್ರೆಗೆ ಓಡಿದೆ. ದಾಖಲು ಮಾಡಿದ ಚೀಟಿ ಕೇಳಿ ಓದಿದೆ. ಮನೆಯಲ್ಲಿ ಮೇವು ಕತ್ತರಿಸುವಾಗ ಆದ ಗಾಯ ಎಂದಿತ್ತು. ಆಕೆಯ ಮನೆಯಲ್ಲಿ ಎಮ್ಮೆ ಹೋಗಲಿ, ಒಂದು ಆಡೂ ಇಲ್ಲ. ಹಾಗೆ ಬರೆಸಿದವನು ಸೂಪರ್‌ವೈಸರ್. ಆಸ್ಪತ್ರೆಯ ಖರ್ಚು ನಾವೇ ನೋಡಿಕೊಳ್ಳುತ್ತೇವೆ ಎಂದು ಆಕೆಯ ಗಂಡನ ಬಾಯಿ ಮುಚ್ಚಿಸಿದ್ದ. ಕೆಲಸದ ವೇಳೆ ಆದ ಗಾಯ ಎಂದಾದರೆ ಕಾರ್ಮಿಕರ ವಿಮೆಯಲ್ಲಿ ಆಕೆಗೆ ಬದುಕಿರುವವರೆಗೆ ತಿಂಗಳ ಪಿಂಚಣಿ ಸಿಗುತ್ತದೆ, ಮನೆಯಲ್ಲಾದ ಗಾಯ ಎಂದಾದರೆ ಅದು ಇಲ್ಲ. ಆ ಕೈಯಿಂದ ಇನ್ನು ಯಾವ ಕಾರ್ಖಾನೆಯ ಕೆಲಸವೂ ಆಗುವಂತಿರಲಿಲ್ಲ.

"ನಿನ್ನ ಹೆಬ್ಬೆಟ್ಟ ಇತ್ತಲ್ಲವಾ, ನಾ ಹಾಜರ ಇದ್ದೆ ಅಂತ ಮಷೀನ್ಯಾಗ ಇದ್ದ ಇರತೈತಿ," ಅಂದಳು ಗೆಳತಿ.

ನಾನು ರಜೆ ಹಾಕಿದ್ದು ಆಕೆಗೆ ಗೊತ್ತಿರಲಿಲ್ಲ. ನನ್ನ ಹೆಬ್ಬೆಟ್ಟು ಆ ದಿನ ಕುಬಸದ ಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿತ್ತು. ಹಾಜರಿ ತಿದ್ದುವವನು ಯಾಕೆ ತಿದ್ದಿಯಾನು? ಅದನ್ನು ಆಕೆಗೆ ಹೇಳಲಾರದೆ ಎದ್ದು ಬಂದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆಕೆಯ ಗಂಡನಿಂದ ವಿಮೆ ಕಚೇರಿಗೆ ಅರ್ಜಿ ಬರೆಸಿದೆ. ಕೆಲವು ವಾರದ ನಂತರ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಬಂದವರು ನೇರ ಮಾಲೀಕನ ಕೋಣೆಗೆ ಹೋಗಿ ಚಹಾ ಕುಡಿದರು. ಮುಗಿಯಿತು ಕತೆ ಅಂದುಕೊಂಡೆ. ಆಮೇಲೆ ನಮ್ಮನ್ನೆಲ್ಲ ಬಾಗಿಲ ಬಳಿ ಕರೆಸಿದರು. ಸೂಪರ್‌ವೈಸರ್ ಹಾಜರಿ ಹಾಳೆ ಹಿಡಿದು ಕಾಯುತ್ತಿದ್ದ.

"ನೋಡ್ರಿ ಸರ್, ಗಾಯ ಆತು ಅಂತಾರಲ್ಲ, ಅವತ್ತ ಆಕಿ ಬಂದ ಇಲ್ಲ. ಮರುದಿನ ಮುಂಜಾನಿಂದ ಸಂಜೀತನಕಾ ಕೆಲಸಾ ಮಾಡಿ ಹೋಗ್ಯಾಳ."

ಮರುದಿನದ್ದು ನನ್ನ ಕೈಯ ಕೆಲಸ. ಬಂದಾಗಲೂ, ಸಂಜೆ ಆಸ್ಪತ್ರೆಗೆ ಓಡುವ ಅವಸರದಲ್ಲೂ ರೂಢಿಯ ಮೇಲೆ ಎಡಗೈ ಒತ್ತಿದ್ದೆ. ಗೆಳತಿಯನ್ನು ನಾನೇ ಮುಳುಗಿಸಿದೆ ಅನ್ನಿಸಿತು. ಮರುಕ್ಷಣ ತಲೆಗೆ ಹೊಳೆಯಿತು. ಆ ದಿನ ಆಕೆ ಆಸ್ಪತ್ರೆಯ ಮಂಚದ ಮೇಲಿದ್ದಳು, ಆಸ್ಪತ್ರೆಯ ಚೀಟಿಯೇ ಹಾಗೆ ಹೇಳುತ್ತದೆ. ಮಂಚದ ಮೇಲಿದ್ದವಳು ಇಲ್ಲಿ ಹೇಗೆ ಹಾಜರಾದಳು?

ಬಾಯಿ ಬಿಟ್ಟರೆ ಸುಳ್ಳು ಹಾಜರಿ ಒತ್ತಿದವಳು ನಾನೇ ಆಗುತ್ತೇನೆ. ಕೆಲಸ ಹೋಗಬಹುದು, ಕೇಸೂ ಆಗಬಹುದು. ಆದರೂ ಮುಂದೆ ಬಂದೆ.

"ಮರುದಿನ ಬಂದಾಕಿ ಆಕಿ ಅಲ್ರಿ, ನಾನು," ಎಂದು ಯಂತ್ರದ ಮೇಲೆ ಎಡಗೈ ಹೆಬ್ಬೆಟ್ಟು ಇಟ್ಟೆ.

ಯಂತ್ರ ಗೆಳತಿಯ ಹೆಸರು ತೋರಿಸಿ, ಹೆಣ್ಣು ದನಿಯಲ್ಲಿ ಧನ್ಯವಾದ ಹೇಳಿತು. ಇವಳೇ ಮೋಸ ಮಾಡಿದ್ದಾಳೆ ಎಂದು ಸೂಪರ್‌ವೈಸರ್ ಅಧಿಕಾರಿಯ ಕಿವಿಗೆ ಬಾಗಿದ. ಆಗ ಗ್ರೈಂಡಿಂಗಿನ ಒಬ್ಬಾಕೆ ಬಂದು ತನ್ನ ಬೆರಳಿಟ್ಟಳು. ಯಂತ್ರ ಗುರುತಿಸಲಿಲ್ಲ. ಇನ್ನೊಬ್ಬಾಕೆ ಇಟ್ಟಳು. ಅದೂ ಆಗಲಿಲ್ಲ. ಅವರೆಲ್ಲರೂ ಹಾಳೆಯಲ್ಲಿ ವರ್ಷದಿಂದ ಹಾಜರಿದ್ದರು. ಅಧಿಕಾರಿ ಪೆನ್ನು ತೆಗೆದರು. ಅವರನ್ನೂ ನಾನು ನಂಬಲಿಲ್ಲ. ನನ್ನ ಹೇಳಿಕೆಯನ್ನು ಮೂರು ಸಲ ಓದಿ, ಕೆಳಗೆ ಉಳಿದ ಖಾಲಿ ಜಾಗಕ್ಕೆ ಗೀಟು ಎಳೆದು ಸಹಿ ಮಾಡಿದೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಗ್ರೈಂಡಿಂಗಿಗೆ ಹಾಕಿದರು. ಈಗ ಹಾಜರಿಗೆ ಪುಸ್ತಕ ಇಟ್ಟಿದ್ದಾರೆ. ದಿನಾ ಸಹಿ ಮಾಡುವ ಮೊದಲು ಹಿಂದಿನ ದಿನದ ಪುಟ ನೋಡುತ್ತೇನೆ.

ತಿಂಗಳುಗಟ್ಟಲೆ ಓಡಾಟದ ಮೇಲೆ ಗೆಳತಿಗೆ ಕಾಗದ ಬಂತು. ಕೆಲಸದ ವೇಳೆ ಆದ ಗಾಯ ಎಂದು ಅದರಲ್ಲಿ ಬರೆದಿತ್ತು. ಕಚೇರಿಯಲ್ಲಿ ಅದನ್ನು ತೆಗೆದುಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದಳು. ಪೆನ್ನು ಹಿಡಿಯುವ ಬೆರಳುಗಳು ಹೋಗಿದ್ದರಿಂದ ಗುಮಾಸ್ತ ಎಡಗೈ ಹೆಬ್ಬೆಟ್ಟು ಒತ್ತಲು ಹೇಳಿದ. ಆಕೆ ಶಾಯಿಗೆ ಅದ್ದಿ ಒತ್ತಿದಳು. ಒಂದೂ ಗೆರೆಯಿಲ್ಲದ ಕರಿ ಚುಕ್ಕೆ ಮೂಡಿತು. ಸರಿ ಬರಲಿಲ್ಲ, ಇನ್ನೊಮ್ಮೆ ಒತ್ತಿ ಎಂದ. ಮತ್ತೂ ಹಾಗೇ ಬಂತು. ರೂಢಿಯ ಮೇಲೆ ಆಕೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು.

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಆಕಿದ ಹೆಬ್ಬೆಟ್ಟ ಇರೋದ ಹಂಗರಿ," ಅಂದೆ. "ಹಂಗ ತಗೋರಿ."